ಎಡಗಡೆ ಸೀಟಿನ ವಿದ್ಯೆ

ಆ ದಿನ ಸೋಲಾಪುರ ರಸ್ತೆಯ ಗಾಜಿನ ಗೋಡೆಯ ಕಾರು ಅಂಗಡಿಯಲ್ಲಿ ಇದ್ದವರು ಮೂರೇ ಮಂದಿ. ನಾನು, ತಿಕೋಟಾದಿಂದ ಬಂದಿದ್ದ ನನ್ನ ಮೈದುನ, ಮತ್ತೆ ಕಾರು ತೋರಿಸುವ ಹೆಣ್ಣುಮಗಳು. ಅಷ್ಟು ದೊಡ್ಡ ಅಂಗಡಿ, ಆರೇಳು ಹೊಸ ಕಾರು, ಕೊಳ್ಳುವವರು ಮಾತ್ರ ಯಾರೂ ಇಲ್ಲ. ಪಿತೃಪಕ್ಷ ನಡೆದಿತ್ತು. ಪಕ್ಷದಲ್ಲಿ ನಮ್ಮ ಕಡೆ ಹೊಸ ಕಸಬರಿಗೆ ಕೊಳ್ಳಲೂ ಹಿಂದೆಮುಂದೆ ನೋಡುತ್ತಾರೆ.

"ಪಕ್ಷದಾಗ ಗಾಡಿ ನೋಡಾಕ ಬಂದವ್ರು ಇಡೀ ವಿಜಾಪುರದಾಗ ನೀವೊಬ್ರ ನೋಡ್ರಿ ವೈನಿ," ಎಂದು ಮೈದುನ ಬಾಗಿಲಲ್ಲೇ ನಿಂತು ಅಂದ.

"ನೋಡಾಕ ಯಾವ ಪಕ್ಷ ಅಡ್ಡ ಬರ್ತೈತೋ? ತರೂದು ದಸರಾದ ಘಟಾ ಕುಂತ ಮ್ಯಾಲ," ಎಂದೆ.

ಆ ಹೆಣ್ಣುಮಗಳಿಗೆ ಮೂವತ್ತರ ಆಸುಪಾಸು. ತೊರವಿಯವಳು, ದಿನಾ ಅಲ್ಲಿಂದ ಬಂದು ಹೋಗುವವಳು. ನಮಗೆ ನೀರು ಕೊಟ್ಟು, ಮೈದುನನ ಕಡೆ ನೋಡಿ, "ಗಾಡಿ ಸರ್ ಹೊಡೀತಾರೇನ್ರಿ ಆಂಟಿ?" ಎಂದಳು.

"ಇಲ್ಲವಾ, ನಾ ಹೊಡೀತೀನಿ."

"ಹಂಗಾದ್ರ ಆಟೋಮ್ಯಾಟಿಕ್ ತಗೋರಿ. ಕ್ಲಚ್ಚಿನ ತ್ರಾಸಿಲ್ಲ, ಗೇರ್ ಹಾಕೂ ಕೆಲಸಾನೂ ಇಲ್ಲ."

ಮೈದುನ ನನ್ನ ಮುಖ ನೋಡಿದ. ನಾನು ನೀರು ಕುಡಿದೆ. ಕಾರಿನ ವಿದ್ಯೆಯಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದುದು ಗೇರು ಹಾಕುವುದೊಂದೇ. ಅದು ಅವನಿಗೂ ಗೊತ್ತಿತ್ತು.

ಇದನ್ನು ಬಿಡಿಸಿ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ.

ನಮ್ಮ ಮನೆ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ. ಇರುವವರು ನಾವಿಬ್ಬರೇ, ನಮಗೆ ಮಕ್ಕಳಿಲ್ಲ. ತಿಕೋಟಾದಿಂದ ಮೂರು ಮೈಲಿ ಒಳಗೆ ನಮ್ಮದೊಂದು ದ್ರಾಕ್ಷಿ ತೋಟ. ನನ್ನ ಮನೆಯವರು ನೌಕರಿಯಿಂದ ನಿವೃತ್ತರಾದ ಮೇಲೆ ದಿನ ಬಿಟ್ಟು ದಿನ ತೋಟಕ್ಕೆ ಹೋಗುತ್ತಿದ್ದರು, ತಮ್ಮ ಹಳೆಯ ಕಾರು ತಾವೇ ಹೊಡೆದುಕೊಂಡು. ಅಂಥದ್ದರಲ್ಲಿ ಒಂದು ಮುಂಜಾನೆ ಲಕ್ವಾ ಹೊಡೆಯಿತು. ನಾಲ್ಕು ತಿಂಗಳಲ್ಲಿ ಮಾತು ತಿರುಗಿ ಬಂತು, ಕಾಲು ತಿರುಗಿ ಬಂತು. ಎಡಗೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಇಟ್ಟರೆ ಮಡಿಲಲ್ಲೇ ಇರುತ್ತಿತ್ತು.

ಡ್ರೈವರನ್ನು ಇಟ್ಟುಕೊಳ್ಳೋಣ ಎಂದರೆ ಕೇಳುವ ಮನುಷ್ಯ ಅಲ್ಲ. ಒಂದು ದಿನ ಬಲಗಡೆ ತಾವು ಕೂತು, ನನ್ನನ್ನು ಎಡಗಡೆ ಕೂಡಿಸಿ ಹೇಳಿದರು: "ಸ್ಟೇರಿಂಗ್ ನಂದು. ಕಾಲಿನ ಕೆಲಸ ಎಲ್ಲಾ ನಂದು. ನಾ ಕ್ಲಚ್ ಒತ್ತಿ ಹೇಳಿದ ಕೂಡ್ಲೆ ನೀ ಗೇರ್ ಹಾಕಬೇಕು. ರೊಟ್ಟಿ ತಿರುವಿ ಹಾಕಿದಂಗ, ತಡಾ ಮಾಡಿದಿ ಅಂದ್ರ ಸೀದು ಹೋಗ್ತೈತಿ."

ತಪ್ಪು ಎಂದು ನಮಗಿಬ್ಬರಿಗೂ ಗೊತ್ತಿತ್ತು. ಪೊಲೀಸರು ನೋಡಿದ್ದರೆ ಏನನ್ನುತ್ತಿದ್ದರೋ. ಆದರೂ ಐದು ವರ್ಷ ನಾವು ಒಂದು ಕಾರನ್ನು ಇಬ್ಬರು ಸೇರಿ ಹೊಡೆದೆವು. ಮೊದಮೊದಲು ಅವರು "ಎರಡು", "ಮೂರು" ಎಂದು ಎಣಿಸಿ ಹೇಳುತ್ತಿದ್ದರು. ಆಮೇಲೆ ಬರೀ "ಹ್ಞೂಂ" ಎನ್ನುತ್ತಿದ್ದರು. ವರ್ಷ ತುಂಬುವುದರೊಳಗೆ ಅದೂ ನಿಂತಿತು. ಎಂಜಿನ್ನಿನ ದನಿ ಏರಿ, ಇನ್ನು ಸಾಕು ಎಂಬಂತೆ ಒಂದು ಗಳಿಗೆ ಕುಗ್ಗುತ್ತಿತ್ತು, ಅದೇ ಅವರು ಕ್ಲಚ್ ಒತ್ತಿದ ಗುರುತು. ನನ್ನ ಬಲಗೈ ಹೋಗಿ ಹಾಕಿಬಿಡುತ್ತಿತ್ತು. ಮಾತು ಮಾತಿನ ಪಾಡಿಗೆ ನಡೆದಿರುತ್ತಿತ್ತು, ಕೆಲಸ ಕೆಲಸದ ಪಾಡಿಗೆ.

ಒಮ್ಮೆ ಮಾತ್ರ ಜಗಳವಾಯಿತು. ನನ್ನ ತವರು ಬಬಲೇಶ್ವರ. ಅವತ್ತು ಅಲ್ಲೇ ಇರುವ ನನ್ನ ಅಕ್ಕನ ಮನೆಯಲ್ಲಿ ಉಂಡು ಬಂದ ಮಾರನೆಯ ದಿನ. ತೊರವಿ ದಾಟುವಾಗ ಅವರು, "ನಿಮ್ಮ ಬಬಲೇಶ್ವರದವ್ರಿಗಿ ಖಾರ ಗೊತ್ತೈತಿ, ರುಚಿ ಗೊತ್ತಿಲ್ಲ ಬಿಡು," ಎಂದರು. ನಾನು ಕೈ ಕಟ್ಟಿ ಕೂತೆ. ಕಾರು ಎರಡನೆಯ ಗೇರಿನಲ್ಲೇ ಗೋಳಿಡಲು ಶುರು ಮಾಡಿತು.

"ಹಾಕ."

"ಹಾಕಂಗಿಲ್ಲ."

"ಗಾಡಿ ಸಾಯಾಕತ್ತೈತಿ ಲೇ!"

"ಸಾಯಲಿ. ಬಬಲೇಶ್ವರದವ್ರಿಗಿ ಗೇರರ ಎಲ್ಲಿ ಗೊತ್ತಿರ್ತೈತ್ರಿ?"

ಹಿಂದಿನಿಂದ ಬಂದ ಟ್ರ್ಯಾಕ್ಟರು ಹಾರ್ನು ಹಾಕಿ ನಮ್ಮನ್ನು ದಾಟಿ ಹೋಯಿತು, ಕಬ್ಬು ಹೇರಿಕೊಂಡಿದ್ದ ಟ್ರ್ಯಾಕ್ಟರು. ಅದರ ಮೇಲೆ ಕೂತವರು ತಿರುಗಿ ತಿರುಗಿ ನೋಡಿ ನಕ್ಕರು. ತಿಕೋಟಾ ಕಾಣಿಸುವವರೆಗೆ ಹಾಗೇ ಹೋದೆವು. ಕಡೆಗೆ ಅವರೇ, "ತಪ್ಪಾತು ತಾಯೀ, ಹಾಕವಾ ಇನ್ನ," ಎಂದರು. ಹಾಕಿದೆ. ಇಬ್ಬರೂ ನಕ್ಕೆವು.

ನಾನು ಆ ಕಾರು ಅಂಗಡಿಗೆ ಹೋಗುವ ಹಿಂದಿನ ವರ್ಷ ಶ್ರಾವಣದಲ್ಲಿ ಅವರು ಹೋದರು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಗೋಡೆಗೆ ಒರಗಿದರು, ಅಷ್ಟೇ.

ದಿನಕರ್ಮ ಮುಗಿದ ಮೇಲೆ, ಬಂದಿದ್ದ ನೆಂಟರೆಲ್ಲ ಹೋದರು. ಕಾರು ಅಂಗಳದಲ್ಲಿ ನಿಂತಿತ್ತು. ಒಂದೊಂದು ಮಧ್ಯಾಹ್ನ ಹೊತ್ತು ಹೋಗದಿದ್ದಾಗ ನಾನು ಹೋಗಿ ಎಡಗಡೆ ಕೂಡುತ್ತಿದ್ದೆ. ಗೇರು ಹಾಕಿ ನೋಡುತ್ತಿದ್ದೆ. ಕ್ಲಚ್ ಒತ್ತುವವರಿಲ್ಲದೆ ಒಮ್ಮೆ ಬೀಳುತ್ತಿತ್ತು, ಒಮ್ಮೆ ಬೀಳುತ್ತಿರಲಿಲ್ಲ. ಕಿಡಕಿಯ ಗಾಜು ಏರಿಸಿಯೇ ಇಡುತ್ತಿದ್ದೆ. ಓಣಿಯವರು ನೋಡಿ ಏನಾದರೂ ಕೇಳಿದರೆ ಏನು ಹೇಳಲಿ?

ತೋಟ ಮಾತ್ರ ನಿಲ್ಲುವ ಹಾಗಿರಲಿಲ್ಲ. ಮುಂಜಾನೆ ಬಸ್ಸು ಹಿಡಿದು ತಿಕೋಟಾಕ್ಕೆ ಇಳಿದು, ಅಲ್ಲಿಂದ ಟಂಟಂ ರಿಕ್ಷಾ ಸಿಕ್ಕರೆ ಟಂಟಂ, ಇಲ್ಲದಿದ್ದರೆ ನಡೆದು, ನಾನು ತೋಟ ಮುಟ್ಟುವುದು ಹತ್ತೂವರೆಗೆ. ಕೆಲಸದವರು ಏಳಕ್ಕೇ ಬಂದು ತಮಗೆ ತಿಳಿದಂತೆ ಮಾಡಿ ಅರ್ಧ ಮುಗಿಸಿರುತ್ತಿದ್ದರು. ಆ ವರ್ಷದ ಚಾಟ್ನಿ ಹಾಗೇ ಕೆಟ್ಟಿತು. ಚಾಟ್ನಿ ಎಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಒಂದೊಂದು ಕಡ್ಡಿಯ ಮೇಲೂ ಚಿಗುರೊಡೆಯುವ ಕಣ್ಣು ಎಷ್ಟು ಉಳಿಸಬೇಕೆಂದು ಮೊದಲ ಸಾಲಿನಲ್ಲೇ ನಿಂತು ಹೇಳುವವರಿರಬೇಕು. ಕಣ್ಣು ತಪ್ಪಿ ಕತ್ತರಿ ಹಾಕಿದರೆ ಎಲೆ ಬರುತ್ತದೆ, ಗೊನೆ ಬರುವುದಿಲ್ಲ. ನಾನು ಹೋಗುವಷ್ಟರಲ್ಲಿ ಎಂಟು ಸಾಲು ಮುಗಿದಿತ್ತು. ಆ ಎಂಟು ಸಾಲೂ ಬರೀ ಎಲೆಯಾದವು.

ಮೈದುನ ಕೆಟ್ಟವನಲ್ಲ. ಅವನದೇ ತೋಟವಿದೆ, ಅದರ ಪಾಡು ಅವನಿಗೆ. ಬೇಸಿಗೆಯಲ್ಲಿ ಬಂದು ಪಡಸಾಲೆಯಲ್ಲಿ ಕೂತು ಹೇಳಿದ: "ವೈನಿ, ಅಣ್ಣನ ತ್ವಾಟ ಹಾಳಾಗೂದು ನೋಡಾಕ ನನ್ನ ಕಡೆ ಆಗಂಗಿಲ್ರಿ. ಕಳ್ಳಕವಟಗಿ ಊರವ್ರೊಬ್ರು ಲಾವಣಿಗಿ ಕೇಳಾಕತ್ತಾರ. ಕೊಟ್ಟಬಿಡ್ರಿ. ವರ್ಷಕ್ಕೊಮ್ಮೆ ರೊಕ್ಕಾ ತಂದು ಮನೀಗಿ ಕೊಟ್ಟ ಹೋಗ್ತಾರ. ನೀವು ಆರಾಮ ಇರ್ರಿ."

ಲಾವಣಿ ಎಂದರೆ ನಮ್ಮ ಕಡೆ ಗುತ್ತಿಗೆ. ಆರಾಮ ಇದ್ದು ನಾನು ಮಾಡುವುದೇನು? ಮಾತಾಡುವುದಕ್ಕೆ ಆ ಬಳ್ಳಿಗಳನ್ನು ಬಿಟ್ಟರೆ ನನಗೆ ಯಾರಿದ್ದರು? ಅದನ್ನು ಅವನಿಗೆ ಹೇಳಲಿಲ್ಲ. "ಇನ್ನೊಂದು ಚಾಟ್ನಿ ನೋಡೋ," ಎಂದೆ.

ಅವನು ಬೆರಳು ಮಡಚಿ ತಿಂಗಳು ಎಣಿಸಿದ. ಆಮೇಲೆ, "ದಸರಾ ಆದ ಮ್ಯಾಲಿನ ಚಾಟ್ನಿಗಿ ನೀವು ಮುಂಜಾನಿ ಏಳಕ್ಕ ತ್ವಾಟದಾಗ ನಿಂತಿದ್ರ, ನಾ ಲಾವಣಿ ಮಾತು ಮತ್ತ ಎತ್ತಂಗಿಲ್ಲ. ಇಲ್ಲಾಂದ್ರ ನನ್ನ ಮಾತು ಕೇಳಬೇಕು ನೋಡ್ರಿ," ಎಂದ.

ಒಪ್ಪಿದೆ. ಮರುವಾರವೇ ಡ್ರೈವಿಂಗ್ ಕಲಿಯಲು ಹೆಸರು ಹಚ್ಚಿದೆ. ಐದು ವರ್ಷ ಗೇರು ಹಾಕಿದವಳು, ಅರ್ಧ ವಿದ್ಯೆ ಬಂದೇ ಇದೆ, ಇನ್ನರ್ಧ ಎಷ್ಟು ಹೊತ್ತಿನ ಮಾತು ಎಂದು ನನ್ನ ಲೆಕ್ಕ. ನಮ್ಮ ಆಯಿ, ಅಂದರೆ ಅಜ್ಜಿ, ಒಂದು ಮಾತು ಹೇಳುತ್ತಿದ್ದಳು: "ಅರ್ಧಾ ಕಲತಾಕಿ ಅಂಗಳಾ ದಾಟ್ಲಿಲ್ಲ." ಆಯಿಯ ಮಾತು ಕೇಳದೆ ಕೆಟ್ಟವಳು ನಾನು. ಬಲಗಡೆ ಕೂತ ಮೊದಲ ದಿನವೇ ತಿಳಿಯಿತು. ಎಡಗಡೆ ಕೂತು ಗೇರು ಹಾಕಿದ್ದು ನನ್ನ ಬಲಗೈ. ಡ್ರೈವರನ ಜಾಗದಲ್ಲಿ ಕೂತರೆ ಗೇರು ಹಾಕಬೇಕಾದದ್ದು ಎಡಗೈ. ಎಡಗೈಗೆ ಏನೇನೂ ಗೊತ್ತಿಲ್ಲ! ಎಂಜಿನ್ನಿನ ದನಿ ಏರಿದರೆ ಸಾಕು, ನನ್ನ ಬಲಗೈ ಸ್ಟೇರಿಂಗ್ ಬಿಟ್ಟು, ಮೈಯನ್ನೇ ದಾಟಿ ಎಡಕ್ಕೆ ಹೋಗಿಬಿಡುತ್ತಿತ್ತು.

"ಮೇಡಂ, ಸ್ಟೇರಿಂಗ್ ಬಿಟ್ಟು ಕೈ ಎಲ್ಲಿಗಿ ಹೊಂಟಿತ್ರಿ?" ಎಂದು ಕಲಿಸುವ ಮಾಸ್ತರರು ಕೂಗುತ್ತಿದ್ದರು.

"ಗೇರಿಗಿರಿ."

"ಗೇರು ಎಡಗೈಲೇರಿ!"

"ಎಡಗೈಗಿ ಬರಂಗಿಲ್ರಿ ಮಾಸ್ತರ."

ಇಪ್ಪತ್ತು ದಿನ ನೋಡಿದರು. ಇಪ್ಪತ್ತೊಂದನೆಯ ದಿನ ಗಾಡಿ ಬದಿಗೆ ನಿಲ್ಲಿಸಿ, "ನಿಮ್ಮಂಥಾ ಶಿಷ್ಯಾ ನನಗ ಸಿಕ್ಕಿಲ್ರಿ. ನೀವು ಈ ಗಾಡ್ಯಾಗ ಕುಂತೀರಿ, ನಿಮ್ಮ ಕೈ ಇನ್ನೊಂದು ಗಾಡ್ಯಾಗ ಕುಂತೈತಿ," ಎಂದರು. ಅವರು ತಮಾಷೆಗೆ ಅಂದದ್ದು. ನಾನು ಬಾಗಿಲು ತೆರೆದು ಇಳಿದುಬಿಟ್ಟೆ. ಅವರು ಹೆದರಿ, ತಮ್ಮ ಅಳಿಯನ ಆಟೋಮ್ಯಾಟಿಕ್ ಕಾರು ತಂದು ಅದರಲ್ಲಿ ಕಲಿಸಿದರು. ಗೇರೇ ಇಲ್ಲದ ಮೇಲೆ ಬಲಗೈ ಸ್ಟೇರಿಂಗಿನ ಮೇಲೆ ನಿಂತಿತು. ಲೈಸೆನ್ಸೂ ಬಂತು. "ಇನ್ನ ಸಣ್ಣದೊಂದು ಆಟೋಮ್ಯಾಟಿಕ್ ತಗೋರಿ ಮೇಡಂ. ಬ್ಯಾರೆ ಹಾದಿ ಇಲ್ಲ," ಎಂದರು. ಹೀಗೆ ನಾನು ಪಿತೃಪಕ್ಷದಲ್ಲಿ ಆ ಗಾಜಿನ ಅಂಗಡಿಗೆ ಹೋದದ್ದು. ದಸರೆಗೆ ಹೆಚ್ಚು ದಿನ ಉಳಿದಿರಲಿಲ್ಲ.

ನನ್ನ ಕೈಗೆ ಎಟಕುವಂಥವು ಎರಡೇ ಇದ್ದವು. ಒಂದು ಸ್ವಲ್ಪ ತುಟ್ಟಿ, ಕಷ್ಟಪಟ್ಟರೆ ಎಟಕುವಂಥದು. ಇನ್ನೊಂದು ಅಂಗಡಿಯಲ್ಲೇ ಎಲ್ಲಕ್ಕಿಂತ ಅಗ್ಗದ ಆಟೋಮ್ಯಾಟಿಕ್, ಸಣ್ಣದು. ಎರಡನ್ನೂ ಓಡಿಸಿ ನೋಡಿರಿ ಎಂದಳು ಆ ಹೆಣ್ಣುಮಗಳು. "ಮೊದಲ ನಾ ಒಂದ ಸುತ್ತು ಹೊಡೀತೀನ್ರಿ, ನೀವು ಬಾಜೂಕ ಕುಂತು ನೋಡ್ರಿ. ಆಮ್ಯಾಲ ನೀವು ಹೊಡೀರಿ."

ತುಟ್ಟಿಯ ಕಾರಿನಲ್ಲಿ ನಾನು ಎಡಗಡೆ ಕೂತೆ, ಮೈದುನ ಹಿಂದೆ. ಅದು ಹೋದದ್ದೇ ಗೊತ್ತಾಗಲಿಲ್ಲ. ಎಣ್ಣೆ ಸುರಿದ ಹಾಗೆ ಹೋಯಿತು, ಒಂದೇ ದನಿ. ಯಾವಾಗ ವೇಗ ಏರಿತು, ಯಾವಾಗ ಇಳಿಯಿತು, ಒಂದೂ ತಿಳಿಯಲಿಲ್ಲ. ಮೈದುನ ಹಿಂದಿನಿಂದ, "ವಾಹ್, ಇದಕ್ಕ ಅನ್ನಬೇಕ ಗಾಡಿ," ಎಂದ. ನಾನು ಕೈ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತವಳಂತೆ ಹೊರಗೆ ನೋಡುತ್ತಿದ್ದೆ.

ಆಮೇಲೆ ಅಗ್ಗದ್ದನ್ನು ಹತ್ತಿದೆವು. ಅವಳು ಹೊರಗಿನ ರಸ್ತೆಗೆ ತಂದು ವೇಗ ಕೊಟ್ಟಳು. ದನಿ ಏರಿತು. ಏರಿ ಏರಿ, ಒಂದು ಗಳಿಗೆ ಕುಗ್ಗಿತು. ಕಾರು ಮುಂದಕ್ಕೆ ತಲೆ ಹಾಕಿ ತಡೆದು ನಿಂತಂತಾಯಿತು.

ನನ್ನ ಬಲಗೈ ಹೋಗಿಬಿಟ್ಟಿತು. ನಡುವಿನ ಕಡ್ಡಿಯನ್ನು ಹಿಡಿದು ನೂಕಿಬಿಟ್ಟಿತು. ಎಂಜಿನ್ನು ಅರಚಿಕೊಂಡಿತು, ಗಾಡಿ ಬಲ ಕಳೆದುಕೊಂಡು ಸುಮ್ಮನೆ ಉರುಳತೊಡಗಿತು.

"ಅಯ್ಯ ಯವ್ವಾ! ಏನ ಮಾಡಿದ್ರಿ ಆಂಟಿ?" ಎನ್ನುತ್ತ ಅವಳು ಗಾಡಿಯನ್ನು ಹೇಗೋ ಬದಿಗೆ ತಂದು ನಿಲ್ಲಿಸಿದಳು. ಅವಳ ಮುಖದಲ್ಲಿ ಬೆವರು. ಹಿಂದೆ ಕೂತಿದ್ದ ಮೈದುನ ಮೊದಲು ಜೋರಾಗಿ ನಕ್ಕ. ಆಮೇಲೆ ಅವನಿಗೆ ಏನು ಹೊಳೆಯಿತೋ, ನಗು ಅರ್ಧಕ್ಕೇ ನಿಂತಿತು. ಕಿಡಕಿಯ ಕಡೆ ತಿರುಗಿ ಕೂತ.

"ತಪ್ಪಾತವಾ. ಗೇರ್ ಹಾಕಿದೆ," ಎಂದೆ.

"ಇದರಾಗ ನೀವ್ಯಾಕ ಹಾಕ್ತೀರಿ? ಅದರ ಪಾಡಿಗಿ ಅದ ಹಾಕ್ಕೋತೈತಿ."

"ಮತ್ತ ಒಂದ ಗಳಿಗಿ ತಡೀತಲ್ಲಾ, ಯಾಕ?"

ಅವಳು ತಪ್ಪೊಪ್ಪಿಕೊಳ್ಳುವವಳಂತೆ ದನಿ ತಗ್ಗಿಸಿದಳು. "ಅದು ಈ ಗಾಡಿ ಗುಣಾರಿ ಆಂಟಿ. ಸುಳ್ಳು ಯಾಕ ಹೇಳ್ಲಿ. ಒಳಗ ಹಳೀ ಗಾಡೀದ ಗೇರ ಐತಿ, ಕ್ಲಚ್ಚೂ ಐತಿ. ಮಂದಿ ಬದ್ಲಿ ಮಶೀನ ಕ್ಲಚ್ ಒತ್ತಿ ಗೇರ್ ಹಾಕ್ತೈತಿ. ಒತ್ತಿ ಹಾಕೂ ನಡುವ ಒಂದೀಟು ತಡೀತೈತಿ, ಜೋಲಿ ಹೊಡದಂಗ ಆಗ್ತೈತಿ. ಅಗ್ಗದ್ದು ನೋಡ್ರಿ, ಅದಕ್ಕ. ತುಟ್ಟೀದ್ರಾಗ ಹಂಗ ಆಗಂಗಿಲ್ಲ. ಬಂದವ್ರೆಲ್ಲಾ ಇದನ್ನ ದೂರ್ತಾರ."

ನಾನು ಇಳಿದು, ಸುತ್ತಿಕೊಂಡು ಬಂದು ಬಲಗಡೆ ಕೂತೆ. ಅವಳು ಎಡಗಡೆ ಬಂದಳು, ಒಂದು ಕೈಯಿಂದ ಆ ಕಡ್ಡಿಯನ್ನು ಕಾಯುತ್ತ. ಅಂಗಡಿಯ ಹಿಂದಿನ ಖಾಲಿ ರಸ್ತೆಯಲ್ಲಿ ಎರಡು ಸುತ್ತು ಹೊಡೆದೆ. ದನಿ ಏರುತ್ತಿತ್ತು, ಒಂದು ಗಳಿಗೆ ತಡೆಯುತ್ತಿತ್ತು, ಮುಂದಿನ ಗೇರು ಬೀಳುತ್ತಿತ್ತು. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ. ಕಣ್ಣು ಮುಚ್ಚಿದ್ದರೂ ನನಗೆ ತಿಳಿಯುತ್ತಿತ್ತು. ನನಗೆ ತಿಳಿಯುವ ಗಾಡಿ ಅದು.

"ಇದ ಇರಲಿ," ಎಂದೆ.

ಮೈದುನ ಹಿಂದಿನಿಂದ ಮುಂದಕ್ಕೆ ಬಾಗಿದ. "ವೈನಿ, ರೊಕ್ಕದ ಸಲುವಾಗಿ ಇದಕ್ಕ ಹೊಂಟಿದ್ರ ಹೇಳ್ರಿ. ನಾ ಒಂದಿಷ್ಟು ಹಾಕ್ತೀನಿ. ಆ ತುಟ್ಟೀದ ಛಲೋ ಐತ್ರಿ."

"ರೊಕ್ಕದ ಸಲುವಾಗೀನೂ ಹೌದಪಾ."



ಘಟಸ್ಥಾಪನೆಯ ದಿನ ಕಾರು ಮನೆಗೆ ಬಂತು. ಎದುರು ಮನೆಯವರು ಬಂದು ಕುಂಕುಮ ಹಚ್ಚಿ, ಪೇಢೆ ತಿಂದು ಹೋದರು. ಹಳೆಯ ಕಾರನ್ನು ಅದರ ಹಿಂದಿನ ವಾರವೇ ದಲಾಲರೊಬ್ಬರು ಕೊಂಡು ಒಯ್ದಿದ್ದರು. ಆ ದಿನದಿಂದ ದಿನಾ ಮುಂಜಾನೆ ತೊರವಿಯವರೆಗೆ ಹೋಗಿ ತಿರುಗಿ ಬರುವುದನ್ನು ರೂಢಿ ಮಾಡಿಕೊಂಡೆ. ಹತ್ತು ದಿನದಲ್ಲಿ ಅಂಜಿಕೆ ಹೋಯಿತು. ಮಾತಾಡುವ ಚಟ ಮಾತ್ರ ಹೋಗಲಿಲ್ಲ. "ಆ ಎಮ್ಮಿ ನೋಡ್ರಿ, ನಡುವ ನಿಂತೈತಿ," ಎಂದು ಹೇಳುತ್ತೇನೆ. ಹೇಳಿದ ಮೇಲೆ ನೆನಪಾಗುತ್ತದೆ. ಹಾರ್ನು ಹಾಕುತ್ತೇನೆ.

ಚಾಟ್ನಿಯ ದಿನ ಐದೂವರೆಗೆ ಮನೆ ಬಿಟ್ಟೆ. ಕೈಯಲ್ಲಿ ಬುತ್ತಿ, ನೀರು, ಅವರ ಹಳೆಯ ಕತ್ತರಿ. ತೋಟ ಮುಟ್ಟಿದಾಗ ಆರೂವರೆ ಆಗಿರಲಿಲ್ಲ. ಯಾರೂ ಬಂದಿರಲಿಲ್ಲ. ಇಬ್ಬನಿಗೆ ತಂತಿಗಳೆಲ್ಲ ಒದ್ದೆಯಾಗಿದ್ದವು. ಕಾರಿನಿಂದ ಇಳಿದು ಮೊದಲ ಸಾಲಿಗೆ ಹೋಗಿ ನಿಂತೆ. ಅಷ್ಟು ಮುಂಜಾನೆ ಆ ತೋಟದಲ್ಲಿ ಒಬ್ಬಳೇ ನಿಂತದ್ದು ಅದೇ ಮೊದಲು. ಕಡ್ಡಿಗಳನ್ನು ಒಂದೊಂದಾಗಿ ಹಿಡಿದು ಕಣ್ಣು ಎಣಿಸುತ್ತ ಸಾಲಿನ ತುದಿಯವರೆಗೆ ಹೋದೆ. ತಿರುಗಿ ಬರುವಾಗ ಟಂಟಂ ಸದ್ದು ಕೇಳಿತು. ಕೆಲಸದವರು ಇಳಿದರು. ಅವರ ಹಿಂದೆಯೇ ಮೈದುನ ಬೈಕಿನ ಮೇಲೆ.

ಅವನು ಕಾರು ನೋಡಿದ, ನನ್ನನ್ನು ನೋಡಿದ, ಕೈಗಡಿಯಾರ ನೋಡಿದ.

"ಏಳಕ್ಕ ಅಂದಿದ್ದೆ. ಅದಕ್ಕಿಂತ ಮೊದಲ ಬಂದು ನಿಂತ್ರ ನಾ ಏನ ಮಾತಾಡ್ಲೆಪಾ," ಎಂದು ಕೆಲಸದವರಿಗೆ ಕೇಳುವಂತೆ ಅಂದ. ಎಲ್ಲರೂ ನಕ್ಕರು.

"ಮಾತಾಡಬ್ಯಾಡ. ಕತ್ತರಿ ಹಿಡಿ," ಎಂದೆ.

ಅವನು ನಿಜವಾಗಿಯೂ ಕತ್ತರಿ ಹಿಡಿದ. ಮೊದಲ ಕಡ್ಡಿಯ ಮೇಲೆ ನಾನು ಬೆರಳಿಟ್ಟು ತೋರಿಸಿದ ಕಣ್ಣಿನ ಮುಂದೆ ಕತ್ತರಿಸಿದ. ಹತ್ತು ಗಂಟೆಗೆ ತನ್ನ ತೋಟಕ್ಕೆ ಹೋಗುವ ಮುಂದೆ ಬದಿಗೆ ಹೋಗಿ ಫೋನು ಮಾಡಿದ. "ಇಲ್ರಿ, ಲಾವಣಿಗಿ ಇಲ್ಲ. ನಮ್ಮ ವೈನಿ ತಾವ ಮಾಡ್ತಾರ," ಎಂದದ್ದು ಗಾಳಿಯಲ್ಲಿ ನನ್ನವರೆಗೂ ಬಂತು. ನಾನು ಕೇಳಿಸಿಕೊಳ್ಳದವಳಂತೆ ಮುಂದಿನ ಸಾಲಿಗೆ ನಡೆದೆ. ಸಂಜೆ ಮನೆಗೆ ಬಂದು ಕೀಲಿ ತೆಗೆದು ಒಳಗೆ ಹೋದಾಗ, ಗೆದ್ದೆ ಎಂದು ಹೇಳಲು ಬಾಯಿ ತೆರೆದೆ. ಮನೆ ಮುಂಜಾನೆ ನಾನು ಬಿಟ್ಟು ಹೋದ ಹಾಗೇ ಇತ್ತು. ಕಾಲು ತೊಳೆದು ಅನ್ನಕ್ಕೆ ಇಟ್ಟೆ.

ಮಾಘ ಮಾಸದಲ್ಲಿ ಹಣ್ಣು ಬಂತು. ಮೊದಲು ಕೊಯ್ದ ಹಣ್ಣು ಒಂದು ಟ್ರೇ ತುಂಬಿಸಿ ಬಬಲೇಶ್ವರದ ಅಕ್ಕನಿಗೆ ಒಯ್ಯೋಣವೆಂದು ಎಡಗಡೆ ಸೀಟಿನ ಮೇಲೆ ಇಟ್ಟೆ. ತೋಟದ ಹಾದಿ ದಾಟಿ ರಸ್ತೆಗೆ ಬಂದಿದ್ದೆ, ಗಾಡಿ ಟಿಣ್ ಟಿಣ್ ಎಂದು ಬಡಿದುಕೊಳ್ಳಲು ಹತ್ತಿತು. ನಿಲ್ಲಿಸಿದರೂ ಬಿಡದು, ಹೊರಟರೂ ಬಿಡದು. ಬಾಗಿಲು ತೆರೆದು ಮುಚ್ಚಿದೆ, ಸುತ್ತ ನೋಡಿದೆ, ಏನೂ ತಿಳಿಯಲಿಲ್ಲ. ಅಂಗಡಿಯ ಆ ಹೆಣ್ಣುಮಗಳಿಗೆ ಫೋನು ಮಾಡಿದೆ.

"ಬಾಜೂಕ ಯಾರ ಕುಂತಾರ್ರಿ ಆಂಟಿ?" ಎಂದಳು.

"ಯಾರೂ ಇಲ್ಲವಾ. ದ್ರಾಕ್ಷಿ ಟ್ರೇ ಐತಿ."

"ಸೀಟಿನ ಮ್ಯಾಲ ವಜ್ಜಿ ಬಿತ್ತಲ್ರಿ, ಅದಕ್ಕ ಮಂದಿ ಕುಂತಾರಂತ ತಿಳಕೊಂಡೈತಿ. ಆ ಕಡೀ ಬೆಲ್ಟ್ ಹಾಕಿಬಿಡ್ರಿ."

ಬೆಲ್ಟನ್ನು ಎಳೆದು ಟ್ರೇ ಸುತ್ತ ತಂದು ಹಾಕಿದೆ. ಸದ್ದು ನಿಂತಿತು. ಒಳದಾರಿಯಿಂದ ಬಬಲೇಶ್ವರಕ್ಕೆ ಹೋದೆ. ಅಕ್ಕ ಮನೆಯಲ್ಲಿದ್ದಳು, ಹಣ್ಣು ಬಹಳ ಸಿಹಿ ಎಂದಳು.